ಕಂಪನಿ ಕಟ್ಟುವವರು ಪದೇ ಪದೇ ಕೇಳುವ ಪ್ರಶ್ನೆಗಳು: ಪಾಲುದಾರ, ತಂಡ, ಮನೆ

2009ರಲ್ಲಿ ನಾನೂ ನನ್ನ ಗೆಳೆಯನೂ ಶಿವಮೊಗ್ಗದಲ್ಲಿ ಅಡಿಕೆ ಮಂಡಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಡಲು ಶುರು ಮಾಡಿದೆವು. ನಾಲ್ಕನೇ ವರ್ಷಕ್ಕೆ ಅವನು ಬಿಟ್ಟ. ನಾನು ಇನ್ನೂ ಎಂಟು ವರ್ಷ ನಡೆಸಿ ಬೇರೆಯವರಿಗೆ ಮಾರಿದೆ. ಈಗ ಹೊಸದಾಗಿ ಕಂಪನಿ ಮಾಡುವವರು ಫೋನ್ ಮಾಡುತ್ತಾರೆ, ಕಾಗದ ಬರೆಯುತ್ತಾರೆ, ಮದುವೆ ಮನೆ ಪಂಕ್ತಿಯಲ್ಲಿ ಪಕ್ಕಕ್ಕೆ ಬಂದು ಕೂರುತ್ತಾರೆ. ಬಂಡವಾಳ ಎಲ್ಲಿ ಸಿಗುತ್ತದೆ ಅಂತ ಕೇಳುತ್ತಾರೆ ಅಂದುಕೊಂಡಿದ್ದೆ. ಕೇಳುವುದು ಜಾಸ್ತಿ ಜನರ ಬಗ್ಗೆ. ಜೊತೆಗಾರನಿಗೆ, ಕೆಲಸದವರಿಗೆ, ಹೆಂಡತಿಗೆ ಹೇಳಲಾಗದೆ ಹೊಟ್ಟೆಯಲ್ಲಿ ಇಟ್ಟುಕೊಂಡ ಮಾತನ್ನು ನನ್ನ ಹತ್ತಿರ ತರುತ್ತಾರೆ.

ಪ್ರಶ್ನೆಗಳನ್ನು ಅವರು ಕೇಳಿದ ಮಾತಿನಲ್ಲೇ ಇಟ್ಟಿದ್ದೇನೆ. ನಾನು ವಕೀಲನೂ ಅಲ್ಲ, ಸಿಎ ಕೂಡ ಅಲ್ಲ. ಕಾನೂನಿನ ವಿಷಯದಲ್ಲಿ ಸಹಿ ಹಾಕುವ ಮುಂಚೆ ಅವರನ್ನು ಒಮ್ಮೆ ಕೇಳಿ.

## ಶುರು ಮಾಡುವ ಮುಂಚೆ

ಪಾಲುದಾರ ಬೇಕೇ ಬೇಕಾ ಸರ್? ಒಬ್ಬನೇ ಮಾಡಿದ್ರೆ ಆಗಲ್ವಾ?

ಆಗುತ್ತದೆ. 1981ರಲ್ಲಿ ಇನ್ಫೋಸಿಸ್ ಶುರು ಮಾಡಿದವರು ಏಳು ಜನ. 2007ರಲ್ಲಿ ಫ್ಲಿಪ್‌ಕಾರ್ಟ್ ಶುರು ಮಾಡಿದವರು ಇಬ್ಬರು. ಒಂಟಿಯಾಗಿ ನಡೆಸಿ ಗೆದ್ದವರೂ ಇದ್ದಾರೆ, ಸೋತವರೂ ಇದ್ದಾರೆ. ತಲೆ ಎಣಿಸಿ ಏನೂ ಗೊತ್ತಾಗುವುದಿಲ್ಲ.

ನಿಮ್ಮ ಕೈಲಿ ಆಗದ್ದು ಏನು ಅಂತ ಮೊದಲು ನೋಡಿಕೊಳ್ಳಿ. ನನಗೆ ಕೋಡ್ ಬರೆಯಲು ಬರುತ್ತಿತ್ತು. ಮಂಡಿ ಸಾಹುಕಾರರ ಎದುರು ಗಾದಿ ಮೇಲೆ ಕೂತು ಬೆಲೆ ಹೇಳು ಅಂದರೆ ಬಾಯಿ ಒಣಗುತ್ತಿತ್ತು. ಗೆಳೆಯನಿಗೆ ಅದು ನೀರು ಕುಡಿದಷ್ಟು ಸಲೀಸು. ಆದರೆ ಆ ಕೆಲಸವನ್ನು ಸಂಬಳ ಕೊಟ್ಟು ಮಾಡಿಸಲು ಆಗುವುದಾದರೆ ಸಂಬಳವೇ ಅಗ್ಗ. ಸಂಬಳಕ್ಕೆ ಸಿಗದ್ದು ಒಂದೇ, ನಷ್ಟಕ್ಕೂ ಹೆಗಲು ಕೊಡುವವನು. ಸುಮ್ನೆ ಒಂಟಿತನ ಕಾಡುತ್ತಿದ್ದರೆ ಸಂಜೆ ಟೀ ಕುಡಿಯಲು ಒಬ್ಬ ಗೆಳೆಯ ಸಾಕು, ಅರ್ಧ ಕಂಪನಿ ಕೊಡಬೇಕಿಲ್ಲ.

ಕಾನೂನಿನ ಲೆಕ್ಕದಲ್ಲಿ, ಪ್ರೈವೇಟ್ ಲಿಮಿಟೆಡ್‌ಗೆ ಕನಿಷ್ಠ ಇಬ್ಬರು ಷೇರುದಾರರು, ಇಬ್ಬರು ಡೈರೆಕ್ಟರ್‌ಗಳು ಬೇಕು. ಒಬ್ಬರೇ ಇದ್ದರೆ 2013ರ ಕಂಪನಿ ಕಾಯ್ದೆಯಲ್ಲಿ ಒನ್ ಪರ್ಸನ್ ಕಂಪನಿ ಅನ್ನುವ ದಾರಿ ಇದೆ. ತುಂಬಾ ಜನ ಎರಡನೆಯ ಹೆಸರಿಗೆ ಅಮ್ಮನನ್ನು ಹಾಕುತ್ತಾರೆ. ಒಬ್ಬಳು ಹುಡುಗಿ ಹಾಗೆ ಮಾಡಿದಾಗ ಪಕ್ಕದ ಮನೆಯವರು "ಯಾವ ಪಿಚ್ಚರ್‌ಗೆ ಡೈರೆಕ್ಟರು?" ಅಂದರಂತೆ. ನಗು ಬರುತ್ತದೆ, ಆದರೆ ಡೈರೆಕ್ಟರ್ ಸಹಿಗೆ ಜವಾಬ್ದಾರಿ ಅಂಟಿಕೊಂಡಿರುತ್ತದೆ. ಅಮ್ಮನಿಗೆ ಕೂರಿಸಿ ಹೇಳಿ, ಆಮೇಲೆ ಸಹಿ ಹಾಕಿಸಿ.

ಕಾಲೇಜ್ ಫ್ರೆಂಡ್ ಜೊತೆ ಮಾಡ್ತಿದೀವಿ. ಹತ್ತು ವರ್ಷದ ಸ್ನೇಹ. ಇನ್ನೇನು ಯೋಚ್ನೆ ಮಾಡೋದು?

ಹತ್ತು ವರ್ಷದಲ್ಲಿ ಒಬ್ಬರಿಗೊಬ್ಬರು ದುಡ್ಡಿನ ವಿಷಯದಲ್ಲಿ "ಇಲ್ಲ" ಅಂದಿದ್ದೀರಾ? ಅಂದಿಲ್ಲದಿದ್ದರೆ ನಿಮ್ಮ ಸ್ನೇಹಕ್ಕೆ ಇನ್ನೂ ಪರೀಕ್ಷೆ ಆಗಿಲ್ಲ.

ಮೂರು ತಿಂಗಳು ಜೊತೆಯಾಗಿ ಒಂದು ಸಣ್ಣ ಕೆಲಸ ಮಾಡಿ. ದುಡ್ಡು ಬರುವ ಕೆಲಸವೇ ಆಗಿರಲಿ. ಗಿರಾಕಿ ಬೈದಾಗ ಅವನು ಫೋನ್ ಎತ್ತುತ್ತಾನಾ, ನಿಮ್ಮ ಕಡೆ ತಳ್ಳುತ್ತಾನಾ, ಅಲ್ಲೇ ಗೊತ್ತಾಗುತ್ತದೆ. ಅಷ್ಟರೊಳಗೆ ಕೆಲವು ಪ್ರಶ್ನೆಗಳನ್ನು ಬಾಯಿಬಿಟ್ಟು ಕೇಳಿಕೊಳ್ಳಿ. ಸಂಬಳ ಇಲ್ಲದೆ ಎಷ್ಟು ತಿಂಗಳು ತಡೆಯುತ್ತೀಯಾ? ಮನೆ ಸಾಲದ ಕಂತು ಎಷ್ಟು? ತಂಗಿ ಮದುವೆ ಯಾವಾಗ? ಯಾರಾದರೂ ಎರಡು ಕೋಟಿಗೆ ಕಂಪನಿ ಕೇಳಿದರೆ ಮಾರುತ್ತೀಯಾ? ಅಪ್ಪನಿಗೆ ಹುಷಾರು ತಪ್ಪಿದರೆ ಊರಿಗೆ ಹೋಗುತ್ತೀಯಾ?

ಕೊನೆಯದನ್ನು ನಾನು ಕೇಳಿರಲಿಲ್ಲ.

ಪಾರ್ಟ್‌ನರ್‌ಶಿಪ್ ಸಾಕಾ, ಪ್ರೈವೇಟ್ ಲಿಮಿಟೆಡ್ ಬೇಕಾ?

ಪಾರ್ಟ್‌ನರ್‌ಶಿಪ್ ಮಾಡುವುದು ಸುಲಭ, ಖರ್ಚೂ ಕಡಿಮೆ. ಆದರೆ ಫರ್ಮ್ ಸಾಲ ತೀರಿಸದಿದ್ದರೆ ಸಾಲ ಕೊಟ್ಟವರು ನಿಮ್ಮ ಸ್ವಂತ ಮನೆ ಬಾಗಿಲಿಗೆ ಬರಬಹುದು. ಪಾಲುದಾರ ಮಾಡಿದ ಸಾಲಕ್ಕೂ ನೀವೇ ಹೊಣೆ. ನೋಂದಣಿ ಮಾಡಿಸದ ಫರ್ಮ್ ಬಾಕಿ ವಸೂಲಿಗೆ ಹೊರಗಿನವರ ಮೇಲೆ ಕೇಸ್ ಹಾಕಲೂ ಆಗುವುದಿಲ್ಲ. ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ) ಮಾಡಿದರೆ ಈ ಹೊಣೆಗೆ ಮಿತಿ ಬರುತ್ತದೆ. ಮುಂದೆ ಹೂಡಿಕೆದಾರರನ್ನು ಕರೆಯುವುದಿದ್ದರೆ, ಕೆಲಸದವರಿಗೆ ಷೇರು ಕೊಡುವುದಿದ್ದರೆ, ಪ್ರೈವೇಟ್ ಲಿಮಿಟೆಡ್. ನಾವು ಎರಡು ವರ್ಷ ಫರ್ಮ್ ನಡೆಸಿ ಆಮೇಲೆ ಬದಲಾಯಿಸಿದೆವು. ಆ ಓಡಾಟ ನೆನಪಿಸಿಕೊಂಡರೆ ಈಗಲೂ ಸುಸ್ತಾಗುತ್ತದೆ.

ಫಿಫ್ಟಿ-ಫಿಫ್ಟಿ ಅಂದ್ಕೊಂಡಿದೀವಿ. ಸರಿ ತಾನೇ?

ನಾವೂ ಹಾಗೇ ಅಂದುಕೊಂಡಿದ್ದೆವು. ಶಿವಮೊಗ್ಗ ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲ್‌ನಲ್ಲಿ ಮಸಾಲೆ ದೋಸೆ ತಿಂದು, ಬಿಲ್ಲಿನ ಹಿಂದೆ "50-50" ಅಂತ ಬರೆದು ಇಬ್ಬರೂ ಸಹಿ ಹಾಕಿದೆವು. ತಮಾಷೆ ಅಂದರೆ ಅದನ್ನೂ ಬರೆಯದಿದ್ದರೆ ವ್ಯತ್ಯಾಸ ಏನೂ ಆಗುತ್ತಿರಲಿಲ್ಲ. ಪಾಲುದಾರರ ನಡುವೆ ಬೇರೆ ಕರಾರು ಇಲ್ಲದಿದ್ದರೆ ಲಾಭ-ನಷ್ಟ ಸಮಪಾಲು ಅಂತ 1932ರ ಪಾಲುದಾರಿಕೆ ಕಾಯ್ದೆಯೇ ಹೇಳುತ್ತದೆ. ನಾವು ಬರೆಯದೇ ಬಿಟ್ಟದ್ದು ಬೇರೆ: ಒಬ್ಬ ನಡುವೆ ಬಿಟ್ಟುಹೋದರೆ ಅವನ 50 ಏನಾಗುತ್ತದೆ?

ಇದಕ್ಕೆ ಇರುವ ಉಪಾಯವನ್ನು ವೆಸ್ಟಿಂಗ್ ಅನ್ನುತ್ತಾರೆ. ಷೇರು ಮೊದಲ ದಿನವೇ ಪೂರ್ತಿ ನಿಮ್ಮದಾಗುವುದಿಲ್ಲ, ದುಡಿದಂತೆ ನಿಮ್ಮದಾಗುತ್ತದೆ. ಸಾಮಾನ್ಯವಾಗಿ ನಾಲ್ಕು ವರ್ಷ. ಮೊದಲ ವರ್ಷ ತುಂಬುವ ಮುಂಚೆ ಬಿಟ್ಟರೆ ಏನೂ ಇಲ್ಲ, ಆಮೇಲೆ ತಿಂಗಳ ಲೆಕ್ಕ. ಲೆಕ್ಕ ನೋಡಿ: 50 ಪರ್ಸೆಂಟ್ ಇರುವವನು 14 ತಿಂಗಳಿಗೆ ಬಿಟ್ಟರೆ ಅವನಿಗೆ ಉಳಿಯುವುದು 48ರಲ್ಲಿ 14 ಪಾಲು, ಅಂದರೆ ಕಂಪನಿಯ ಸುಮಾರು 14.6 ಪರ್ಸೆಂಟ್. ಮಿಕ್ಕಿದ್ದು ವಾಪಸ್. ವೆಸ್ಟಿಂಗ್ ಇಲ್ಲದಿದ್ದರೆ ಅವನು 50 ಹಿಡಿದುಕೊಂಡು ಬೇರೆ ಊರಲ್ಲಿ ಬೇರೆ ಕೆಲಸ ಮಾಡುತ್ತಿರುತ್ತಾನೆ. ನೀವು ರಾತ್ರಿ ಹನ್ನೊಂದರವರೆಗೆ ದುಡಿದದ್ದರಲ್ಲಿ ಅರ್ಧ ಅವನದು. ಹಾಗಿರುವ ಕಂಪನಿಗೆ ದುಡ್ಡು ಹಾಕಲು ಯಾವ ಹೂಡಿಕೆದಾರನೂ ಬರುವುದಿಲ್ಲ.

ಷೇರುದಾರರ ಒಪ್ಪಂದದಲ್ಲಿ ಬರೆದರೆ ಸಾಲದು. ಕಂಪನಿಯ ಆರ್ಟಿಕಲ್ಸ್‌ನಲ್ಲೂ (ಕಂಪನಿಯ ಒಳ ನಿಯಮಗಳ ಪತ್ರ) ಅದೇ ಷರತ್ತು ಸೇರಿಸಿ. ಇಲ್ಲದಿದ್ದರೆ ಜಗಳ ಬಂದ ದಿನ ಆ ಷರತ್ತು ಕಂಪನಿಗೆ ಅಂಟುವುದಿಲ್ಲ ಅನ್ನುವ ವಾದ ಬರುತ್ತದೆ.

ಇನ್ನು ಸಮಪಾಲಿನ ಬಗ್ಗೆ. ಇಬ್ಬರೂ ಒಂದೇ ದಿನ ಕೆಲಸ ಬಿಟ್ಟು ಬಂದು, ಒಂದೇ ಅಳತೆಯ ಅಪಾಯ ತಗೊಂಡಿದ್ದರೆ ಸಮಪಾಲು ನ್ಯಾಯವೇ. ಆದರೆ ಇಬ್ಬರ ಮತ ಸಮ ಆದಾಗ ಕೊನೆಯ ಮಾತು ಯಾರದು ಅಂತ ವಿಷಯವಾರು ಹಂಚಿಕೊಳ್ಳಿ. ಬೆಲೆ ಇವನದು, ಕೆಲಸದವರ ನೇಮಕ ಅವನದು, ಹೀಗೆ.

ಅಗ್ರಿಮೆಂಟ್ ಅಂದ್ರೆ ಅವನಿಗೆ ಬೇಜಾರಾಗುತ್ತೆ. ‘ನನ್ನ ಮೇಲೆ ನಂಬಿಕೆ ಇಲ್ವಾ’ ಅಂತಾನೆ.

ನಂಬಿಕೆ ಇರುವಾಗಲೇ ಬರೆಯಬೇಕು. ನಂಬಿಕೆ ಹೋದ ಮೇಲೆ ಬರೆಯಲು ಇಬ್ಬರೂ ಒಂದೇ ಟೇಬಲ್‌ಗೆ ಬರುವುದಿಲ್ಲ. ನಮ್ಮಲ್ಲಿ ಎರಡು ಮನೆಯವರು ಎಷ್ಟೇ ಬೇಕಾದವರಾದರೂ ನಿಶ್ಚಿತಾರ್ಥದ ದಿನ ಲಗ್ನಪತ್ರಿಕೆ ಬರೆದು ಎಲ್ಲರೆದುರು ಓದುತ್ತಾರೆ ಅಲ್ವಾ? ಅದನ್ನು ಯಾರೂ ಅವಮಾನ ಅಂದುಕೊಳ್ಳುವುದಿಲ್ಲ. ತಾಯಿ ಮಕ್ಕಳಾದರೂ ಬಾಯಿ ಹೊಟ್ಟೆ ಬೇರೆ ಅನ್ನುವುದೂ ನಮ್ಮದೇ ಗಾದೆ.

ಮಾತು ತೆಗೆಯುವ ರೀತಿ ಮುಖ್ಯ. "ನೀನು ಬಿಟ್ಟುಹೋದರೆ" ಅಂತ ಶುರು ಮಾಡಬೇಡಿ. "ನಾನು ಬಿಟ್ಟುಹೋದರೆ ನಿನಗೆ ತೊಂದರೆ ಆಗಬಾರದು, ನನ್ನ ಷೇರು ಏನು ಮಾಡುತ್ತೀಯಾ ಬರೆದುಕೋ" ಅನ್ನಿ. ಎದುರಿಗಿದ್ದವನು ತನ್ನದನ್ನೂ ತಾನೇ ಹೇಳುತ್ತಾನೆ. ಎರಡು ಪುಟ ಸಾಕು. ಪಾಲು, ವೆಸ್ಟಿಂಗ್, ಯಾರ ಕೆಲಸ ಏನು, ಸಂಬಳ ಯಾವಾಗಿನಿಂದ, ಬಿಡುವಾಗ ಬೆಲೆ ಕಟ್ಟುವ ಬಗೆ. ಒಬ್ಬರು ತೀರಿಕೊಂಡರೆ ಮನೆಯವರಿಗೆ ಏನು ಅನ್ನುವುದನ್ನೂ ಬರೆಯಿರಿ. ಅಪಶಕುನ ಅಂತ ಅದನ್ನು ಬಿಟ್ಟವರು ಜಾಸ್ತಿ. ಇಬ್ಬರೇ ಇರುವ ಪಾರ್ಟ್‌ನರ್‌ಶಿಪ್‌ನಲ್ಲಿ ಒಬ್ಬರು ಹೋದರೆ ಫರ್ಮೇ ಮುಗಿಯಿತು. ಉಳಿದವರು ಒಬ್ಬರೇ ಆದ ಮೇಲೆ ಪಾಲುದಾರಿಕೆ ಎಲ್ಲಿಂದ ಬರಬೇಕು?

## ತಂಡ

ಭಾವನ ಮಗ ಸುಮ್ನೆ ಮನೇಲಿದ್ದಾನೆ. ತಗೊಳ್ಲಾ?

ಅವನನ್ನು ಬೈಯಲು, ಬೇಕಾದರೆ ತೆಗೆಯಲು ನಿಮಗೆ ಆಗುವುದಾದರೆ ತಗೊಳ್ಳಿ. ಮುಂದಿನ ಹಬ್ಬಕ್ಕೆ ಅಕ್ಕನ ಮನೆಗೆ ಹೋಗುವುದು ಕಷ್ಟವಾಗುತ್ತದೆ ಅನ್ನಿಸಿದರೆ ಬೇಡ.

ದೊಡ್ಡ ಕಂಪನಿಯಷ್ಟು ಸಂಬಳ ಕೊಡೋಕಾಗಲ್ಲ. ಒಳ್ಳೆಯವರು ನಮ್ಮ ಹತ್ರ ಯಾಕೆ ಬರ್ತಾರೆ?

ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಆಫೀಸ್ ಮಾಡಿ ಈ ಪ್ರಶ್ನೆ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. ಹುಬ್ಬಳ್ಳಿ, ಮೈಸೂರು, ಮಂಗಳೂರು, ಶಿವಮೊಗ್ಗದಲ್ಲಿ ಮಾಡಿದರೆ ಇದೆ. ಮಗು ಹುಟ್ಟಿದ ಮೇಲೆ ಊರ ಕಡೆ ಬರಬೇಕು ಅನ್ನುವ, ಹತ್ತು ವರ್ಷ ಅನುಭವದ ಜನ ಸಿಗುತ್ತಾರೆ. ನನ್ನ ಅತ್ಯುತ್ತಮ ಪ್ರೋಗ್ರಾಮರ್ ಹಾಗೆ ಬಂದವಳು. ಅತ್ತೆ-ಮಾವನ ಮನೆ ಭದ್ರಾವತಿ. ಬೆಂಗಳೂರಿನ ಸಂಬಳದ ಮುಕ್ಕಾಲು ಭಾಗಕ್ಕೆ ಬಂದಳು, ಏಳು ವರ್ಷ ಇದ್ದಳು. ಅವಳು ಕೇಳಿದ್ದು ಒಂದೇ: "ಸಂಜೆ ಐದೂವರೆಗೆ ಹೋಗ್ತೀನಿ ಸರ್, ಆಮೇಲೆ ಫೋನ್ ಬೇಡ."

ಷೇರಿನ ಆಸೆ ತೋರಿಸುವುದಾದರೆ ಪೂರ್ತಿ ಹೇಳಿ. ಇಎಸ್‌ಒಪಿ, ಅಂದರೆ ಮುಂದೆ ನಿಗದಿತ ಬೆಲೆಗೆ ಷೇರು ಕೊಳ್ಳುವ ಹಕ್ಕು, ಕೊಟ್ಟ ದಿನದಿಂದ ಕನಿಷ್ಠ ಒಂದು ವರ್ಷ ಆಗುವವರೆಗೆ ವೆಸ್ಟ್ ಆಗುವುದಿಲ್ಲ. ಆಮೇಲೆ ಷೇರು ಕೊಳ್ಳುವ ದಿನ ತೆರಿಗೆ ಬೀಳುತ್ತದೆ. 10 ರೂಪಾಯಿಗೆ 1,000 ಷೇರು ಕೊಂಡ, ಆ ದಿನದ ಬೆಲೆ 500 ರೂಪಾಯಿ ಅಂದುಕೊಳ್ಳಿ. 4.9 ಲಕ್ಷ ರೂಪಾಯಿ ಅವನ ಸಂಬಳಕ್ಕೆ ಸೇರಿ ತೆರಿಗೆ ಲೆಕ್ಕ ಆಗುತ್ತದೆ, ಕೈಗೆ ಒಂದು ರೂಪಾಯಿ ಬಂದಿಲ್ಲದಿದ್ದರೂ. ಈ ತೆರಿಗೆಯನ್ನು ಮುಂದೂಡುವ ಅವಕಾಶ ಇರುವುದು ಅರ್ಹತೆ ಪಡೆದ ಕೆಲವು ಸ್ಟಾರ್ಟಪ್‌ಗಳಿಗೆ ಮಾತ್ರ. ಇದನ್ನು ಹೇಳದೆ "ನಿಮಗೆ ಷೇರು ಕೊಡ್ತೀವಿ" ಅಂದವರ ಮೇಲೆ ಹುಡುಗರು ನಾಲ್ಕು ವರ್ಷದ ನಂತರ ಸಿಟ್ಟಾಗುವುದರಲ್ಲಿ ತಪ್ಪೇನಿದೆ?

ಫ್ರೀಲ್ಯಾನ್ಸರ್ ಕೈಲಿ ಆ್ಯಪ್ ಮಾಡಿಸಿದ್ವಿ, ದುಡ್ಡೂ ಕೊಟ್ಟಾಯ್ತು. ಅದು ನಮ್ದೇ ಅಲ್ವಾ?

ಬರವಣಿಗೆಯಲ್ಲಿ ಇಲ್ಲದಿದ್ದರೆ ಬಹುಶಃ ಅಲ್ಲ. ಸಂಬಳದ ನೌಕರ ಕೆಲಸದ ಭಾಗವಾಗಿ ಬರೆದ ಕೋಡ್ ಕಂಪನಿಯದು. ಹೊರಗಿನವರು ಬರೆದದ್ದು, ಅವರು ಸಹಿ ಮಾಡಿ ಹಸ್ತಾಂತರ ಮಾಡುವವರೆಗೆ ಅವರದು. ಹಸ್ತಾಂತರ ಪತ್ರದಲ್ಲೂ ಒಂದು ಚಿಕ್ಕ ಗುಂಡಿ ಇದೆ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಅವಧಿ ಬರೆಯದಿದ್ದರೆ ಅದು ಐದು ವರ್ಷಕ್ಕೆ ಮಾತ್ರ, ಜಾಗ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಹಾಗಾಗಿ "ಶಾಶ್ವತವಾಗಿ, ಇಡೀ ಜಗತ್ತಿಗೆ" ಅಂತ ಬರೆಸಿ. ಕಂಪನಿ ಹುಟ್ಟುವ ಮುಂಚೆ ನೀವು, ನಿಮ್ಮ ಪಾಲುದಾರ ಬರೆದ ಕೋಡ್‌ಗೂ ಇಂಥದೇ ಪತ್ರ ಬೇಕು. ಕಂಪನಿ ಮಾರುವಾಗ ಕೊಳ್ಳುವವರ ವಕೀಲರು ನನ್ನನ್ನು ಕೇಳಿದ ಎರಡನೇ ಪ್ರಶ್ನೆಯೇ ಇದು.

ಬಾಂಡ್ ಬರೆಸಿಕೊಂಡಿದ್ವಿ. ಆದ್ರೂ ಎದುರಾಳಿ ಕಂಪನಿಗೆ ಹೋದ. ತಡೀಬಹುದಾ?

ಕೆಲಸ ಬಿಟ್ಟ ಮೇಲೆ ಬೇರೆ ಕಡೆ ದುಡಿಯಬೇಡ ಅನ್ನುವ ಷರತ್ತು ನಮ್ಮ ದೇಶದಲ್ಲಿ ನಿಲ್ಲುವುದಿಲ್ಲ. 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್. ಗಿರಾಕಿಗಳ ಪಟ್ಟಿ, ಕೋಡ್ ಹೊತ್ತೊಯ್ದಿದ್ದರೆ ಅದು ಬೇರೆ ವಿಷಯ, ಅದಕ್ಕೆ ದಾರಿ ಇದೆ. ತರಬೇತಿಗೆ ನಿಜವಾಗಿ ಖರ್ಚು ಮಾಡಿದ್ದರೆ ಅದನ್ನು ಕೇಳುವುದೂ ಬೇರೆ. ಹುಡುಗನ ಮಾರ್ಕ್ಸ್ ಕಾರ್ಡ್ ಬೀರುವಿನಲ್ಲಿ ಬೀಗ ಹಾಕಿ ಇಟ್ಟುಕೊಳ್ಳುವವರಿದ್ದಾರೆ. ದಯವಿಟ್ಟು ಅದು ಬೇಡ.

ಎಷ್ಟು ಜನ ಆದ್ಮೇಲೆ ಪಿಎಫ್ ಗಿಎಫ್ ಶುರು?

ಹತ್ತು ಜನ ಆದಾಗ ನೌಕರರ ಆರೋಗ್ಯ ವಿಮೆ ಇಎಸ್‌ಐ (ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರಿಗೆ), ಗ್ರಾಚ್ಯುಟಿ, 26 ವಾರದ ಹೆರಿಗೆ ರಜೆ, ಲೈಂಗಿಕ ಕಿರುಕುಳ ದೂರಿಗೆ ಆಂತರಿಕ ಸಮಿತಿ. ಇಪ್ಪತ್ತು ಆದಾಗ ಪಿಎಫ್. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆ, ಸಂಬಳದ ಲೆಕ್ಕ ಬದಲಾಗಿದೆ. ನಿಮ್ಮ ಸಿಎ ಹಳೆಯ ಎಕ್ಸೆಲ್ ಶೀಟನ್ನೇ ಎಳೆಯುತ್ತಿದ್ದಾರಾ ನೋಡಿ.

ಈ ತಿಂಗಳು ಸಂಬಳಕ್ಕೆ ದುಡ್ಡಿಲ್ಲ. ಹುಡುಗ್ರಿಗೆ ಹೇಳ್ಲಾ, ಹೇಗಾದ್ರೂ ಹೊಂದಿಸ್ಲಾ?

ಇದಕ್ಕೆ ನನ್ನ ಎರಡು ಕತೆ ಹೇಳುತ್ತೇನೆ.

2012ರ ದೀಪಾವಳಿ. ಒಂಬತ್ತು ಜನರ ಸಂಬಳ 1.86 ಲಕ್ಷ, ಖಾತೆಯಲ್ಲಿ ಇದ್ದದ್ದು ಸುಮಾರು 40,000. ಹಬ್ಬದ ಹೊತ್ತಲ್ಲಿ ಹೇಳುವುದು ಬೇಡ ಅಂತ ಹತ್ತು ದಿನ ಮುಚ್ಚಿಟ್ಟೆ. "ಬ್ಯಾಂಕ್ ಸರ್ವರ್ ಡೌನ್" ಅಂದೆ. ಲೆಕ್ಕ ನೋಡುವ ಹುಡುಗಿಗೆ ಗೊತ್ತಿತ್ತು, ಅವಳಿಂದ ಎಲ್ಲರಿಗೂ ಗೊತ್ತಾಯಿತು. ಹನ್ನೊಂದನೇ ದಿನ ಸಂಬಳ ಹಾಕಿದೆ. ಆ ತಿಂಗಳೊಳಗೆ ಇಬ್ಬರು ಬಿಟ್ಟರು. ಒಬ್ಬ ಹೋಗುವಾಗ ಹೇಳಿದ: "ಸಂಬಳ ಲೇಟಾಗಿದ್ದಕ್ಕಲ್ಲ ಸರ್. ಸರ್ವರ್ ಅಂದ್ರಲ್ಲ, ಅದಕ್ಕೆ."

2016ರ ನವೆಂಬರ್ 8ರ ರಾತ್ರಿ 500, 1,000ದ ನೋಟು ರದ್ದಾಯಿತು. ಅಡಿಕೆ ಮಂಡಿಯಲ್ಲಿ ಆಗ ನಡೆಯುತ್ತಿದ್ದದ್ದು ಹೆಚ್ಚಾಗಿ ನಗದು. ವ್ಯಾಪಾರ ನಿಂತಿತು, ನಮಗೆ ಬರಬೇಕಾದ ಬಾಕಿಯೂ ನಿಂತಿತು. ಈ ಸಲ 10ನೇ ತಾರೀಖೇ ಹದಿನಾಲ್ಕು ಜನರನ್ನೂ ಕೂರಿಸಿದೆ. ಬೋರ್ಡ್ ಮೇಲೆ ಮೂರು ಅಂಕಿ ಬರೆದೆ: ಬ್ಯಾಂಕಿನಲ್ಲಿ ಇರುವುದು, ಹೊರಗಿನಿಂದ ಬರಬೇಕಾದ್ದು, ತಿಂಗಳ ಖರ್ಚು. 15,000ಕ್ಕಿಂತ ಕಡಿಮೆ ಸಂಬಳದವರಿಗೆ ಪೂರ್ತಿ, ಉಳಿದವರಿಗೆ ಅರ್ಧ, ನನಗೆ ಸೊನ್ನೆ, ಮೂರು ತಿಂಗಳು, ಬಾಕಿ ಏಪ್ರಿಲ್‌ನಲ್ಲಿ ಅಂದೆ. ಬೇರೆ ಕೆಲಸ ನೋಡಿಕೊಳ್ಳುವವರಿಗೆ ಅನುಭವ ಪತ್ರ ಇವತ್ತೇ ಕೊಡುತ್ತೇನೆ ಅಂದೆ. ಒಬ್ಬ ಮಾತ್ರ ಹೋದ. ಅವನಿಗೆ ಮದುವೆ ನಿಶ್ಚಯವಾಗಿತ್ತು, ತಪ್ಪು ಅನ್ನಲಾರೆ.

ಒಂದು ಎಚ್ಚರಿಕೆ. ಕಷ್ಟ ಬಂದಾಗ ಕೈ ಮೊದಲು ಹೋಗುವುದು ಸರ್ಕಾರಕ್ಕೆ ಕಟ್ಟಲು ಹಿಡಿದಿಟ್ಟ ಟಿಡಿಎಸ್ ತೆರಿಗೆ ಮತ್ತು ನೌಕರರ ಸಂಬಳದಿಂದ ಮುರಿದ ಪಿಎಫ್ ದುಡ್ಡಿಗೆ. ಅದು ನಿಮ್ಮದಲ್ಲ. ಟಿಡಿಎಸ್ ಸಾಮಾನ್ಯವಾಗಿ ಮುಂದಿನ ತಿಂಗಳ 7ಕ್ಕೆ, ಪಿಎಫ್ 15ಕ್ಕೆ ಕಟ್ಟಬೇಕು. ಕಟ್ಟದೆ ಬಳಸಿಕೊಂಡರೆ ಬಡ್ಡಿ, ದಂಡದ ಜೊತೆ ಕ್ರಿಮಿನಲ್ ಕೇಸೂ ಆಗಬಹುದು.

ಒಬ್ಬನನ್ನ ತೆಗೀಬೇಕು. ನಾಲ್ಕು ತಿಂಗಳಿಂದ ಮುಂದೂಡ್ತಾ ಇದೀನಿ.

ಅವನಿಗೆ ಒಮ್ಮೆಯಾದರೂ ನೇರವಾಗಿ "ಇದು ಸರಿಹೋಗುತ್ತಿಲ್ಲ" ಅಂದಿದ್ದೀರಾ? ಇಲ್ಲದಿದ್ದರೆ ಇವತ್ತು ಅದನ್ನು ಹೇಳಿ, ಒಂದೂವರೆ ತಿಂಗಳು ಕೊಡಿ. ಹೇಳಿಯೂ ಆಗಿದ್ದರೆ ಇನ್ನು ಕಾಯಬೇಡಿ. ಶುಕ್ರವಾರ ಸಂಜೆ ಬೇಡ, ವಾರದ ನಡುವೆ, ಬೆಳಿಗ್ಗೆ, ಬಾಗಿಲು ಹಾಕಿಕೊಂಡು ನೀವೇ ಹೇಳಿ. ವಾಟ್ಸಾಪ್‌ನಲ್ಲಿ ಹೇಳಿದವರನ್ನು ನೋಡಿದ್ದೇನೆ. ನೋಟಿಸ್ ಅವಧಿ ಕರಾರಿನಂತೆ ಕೊಡಿ. ಹೊಸ ವೇತನ ಸಂಹಿತೆ ಪ್ರಕಾರ ತೆಗೆದ ಎರಡು ಕೆಲಸದ ದಿನದೊಳಗೆ ಬರಬೇಕಾದ ಸಂಬಳ ಅವನ ಖಾತೆಗೆ ಹೋಗಬೇಕು.

## ಮನೆ, ದುಡ್ಡು, ಮೈ

ಮನೇಲಿ ಒಪ್ತಿಲ್ಲ. ‘ಇರೋ ಕೆಲಸ ಬಿಟ್ಟು ಇದೇನು ಹುಚ್ಚು’ ಅಂತಾರೆ ಅಪ್ಪ.

ಅಪ್ಪನಿಗೆ ನಿಮ್ಮ ಐಡಿಯಾ ವಿವರಿಸಬೇಡಿ. ಅವರ ಭಯ ಏನು ಅಂತ ಕೇಳಿ. ಸಾಮಾನ್ಯವಾಗಿ ಮೂರೇ: ಸಾಲದ ಕಂತು, ಆಸ್ಪತ್ರೆ ಖರ್ಚು, ಹೆಣ್ಣು ಕೊಡುವವರು ಏನಂತಾರೆ. ಮೂರನೆಯದಕ್ಕೆ ನನ್ನ ಹತ್ತಿರ ಮದ್ದಿಲ್ಲ. ಮೊದಲನೆಯದಕ್ಕೆ ಇದೆ. ಒಂದು ವರ್ಷದ ಮನೆ ಖರ್ಚು ಬೇರೆ ಖಾತೆಯಲ್ಲಿ ಇಟ್ಟು ಪಾಸ್‌ಬುಕ್ ತೋರಿಸಿ, ಯಾವ ತಿಂಗಳು ಯಾವ ಅಂಕಿ ಮುಟ್ಟದಿದ್ದರೆ ವಾಪಸ್ ಕೆಲಸಕ್ಕೆ ಹೋಗುತ್ತೀರಿ ಅಂತ ಬರೆದು ಕೊಡಿ.

ಆಸ್ಪತ್ರೆ ವಿಷಯ ಬಹಳ ಜನ ಮರೆಯುತ್ತಾರೆ. ಕೆಲಸ ಬಿಟ್ಟರೆ ಕಂಪನಿ ಕೊಟ್ಟ ವಿಮೆಯೂ ಹೋಗುತ್ತದೆ. ಅಪ್ಪನಿಗೆ ಸಕ್ಕರೆ ಕಾಯಿಲೆ ಇದ್ದರೆ ಹೊಸ ಪಾಲಿಸಿಯಲ್ಲಿ ಅದಕ್ಕೆ ಕಾಯುವ ಅವಧಿ ಮೂರು ವರ್ಷದವರೆಗೂ ಇರಬಹುದು. ಕೆಲಸದಲ್ಲಿ ಇರುವಾಗಲೇ ಸ್ವಂತ ಪಾಲಿಸಿ ಮಾಡಿಸಿ, ಆ ಗಡಿಯಾರ ಮೊದಲೇ ಓಡಲು ಶುರುವಾಗಲಿ.

ಹೆಂಡ್ತಿ ಒಡವೆ ಅಡ ಇಟ್ಟು ಕಂಪನಿಗೆ ಹಾಕ್ಬಹುದಾ?

ಇನ್ಫೋಸಿಸ್‌ಗೆ ಮೊದಲ 10,000 ರೂಪಾಯಿ ಬಂದದ್ದು ಸುಧಾ ಮೂರ್ತಿ ಅವರ ಉಳಿತಾಯದಿಂದ. ಆ ಕತೆಯನ್ನು ಗಂಡಸರು ನನಗೆ ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ. ಮುಳುಗಿದ ಕಂಪನಿಗಳಿಗೆ ಹೋದ ಬಳೆ, ಸರಗಳ ಕತೆ ಯಾರೂ ಹೇಳುವುದಿಲ್ಲ.

ಅವರನ್ನೇ ಕೇಳಿ. ಒಪ್ಪಿದರೆ ಅದನ್ನು ಸಾಲ ಅಂತ ಕಂಪನಿ ಪುಸ್ತಕದಲ್ಲಿ ಬರೆಯಿರಿ, ಇಲ್ಲವೇ ಅವರ ಹೆಸರಿಗೆ ಷೇರು ಕೊಡಿ. "ನಮ್ಮಿಬ್ಬರದೇ ಅಲ್ವಾ" ಅಂತ ಬಿಡಬೇಡಿ. ತವರಿನವರು ಹಾಕಿದ ಒಡವೆಯನ್ನು ಮುಟ್ಟದಿರುವುದೇ ವಾಸಿ ಅಂತ ನನಗೆ ಅನ್ನಿಸುತ್ತದೆ.

ಒಡವೆಗಿಂತ ದೊಡ್ಡ ಅಪಾಯ ಒಂದು ಸಹಿಯಲ್ಲಿದೆ. ಕಂಪನಿ ಪ್ರೈವೇಟ್ ಲಿಮಿಟೆಡ್ ಆದರೂ ಬ್ಯಾಂಕ್ ಸಾಲ ಕೊಡುವಾಗ ಡೈರೆಕ್ಟರ್‌ಗಳ ವೈಯಕ್ತಿಕ ಗ್ಯಾರಂಟಿ ಕೇಳುತ್ತದೆ. ಅದಕ್ಕೆ ಸಹಿ ಹಾಕಿದರೆ "ಲಿಮಿಟೆಡ್" ಅನ್ನುವ ರಕ್ಷಣೆ ಆ ಸಾಲದ ಮಟ್ಟಿಗೆ ಇಲ್ಲ. ಸಣ್ಣ ಉದ್ದಿಮೆಗಳಿಗೆ ಆಸ್ತಿ ಅಡವಿಲ್ಲದೆ ಸಾಲ ಸಿಗುವ ಸಿಜಿಟಿಎಂಎಸ್‌ಇ ಖಾತರಿ ಯೋಜನೆ ಇದೆ. ಮ್ಯಾನೇಜರ್ ತಾನಾಗಿ ಹೇಳದಿದ್ದರೂ ನೀವೇ ಕೇಳಿ.

ವಾರಕ್ಕೆ ಎಪ್ಪತ್ತು ಗಂಟೆ ದುಡೀಬೇಕು ಅಂತಾರಲ್ಲ, ನಿಜಾನಾ?

2023ರ ಅಕ್ಟೋಬರ್‌ನಲ್ಲಿ ನಾರಾಯಣ ಮೂರ್ತಿ ಹಾಗೆ ಹೇಳಿದಾಗಿನಿಂದ ಈ ಪ್ರಶ್ನೆ ನಿಂತಿಲ್ಲ. ಭಾನುವಾರ ಬಿಟ್ಟರೆ ದಿನಕ್ಕೆ ಹನ್ನೊಂದೂ ಮುಕ್ಕಾಲು ಗಂಟೆ ಹತ್ತಿರ. ಮೊದಲ ಎರಡು ವರ್ಷ ನಾನು ಅಷ್ಟು ಮಾಡಿದ್ದೇನೆ. ಆದರೆ ಆ ಕಂಪನಿ ನನ್ನದು. ತಿಂಗಳಿಗೆ 22,000 ತಗೊಳ್ಳುವ ಹುಡುಗನಿಂದ ಅದನ್ನು ಕೇಳಲು ನನಗೆ ಬಾಯಿ ಬರುವುದಿಲ್ಲ.

ಇನ್ನೊಂದು ಮುಖ ನೋಡಿ. ಹೊರಗಿನ ಹೂಡಿಕೆ ಇಲ್ಲದೆ ಷೇರು ದಲ್ಲಾಳಿ ಕಂಪನಿ ಜೆರೋಧಾ ಕಟ್ಟಿದ ನಿತಿನ್ ಕಾಮತ್, ವ್ಯಾಯಾಮ ಮಾಡುವ ಮನುಷ್ಯ, 2024ರಲ್ಲಿ ತಮಗೆ ಲಘು ಪಾರ್ಶ್ವವಾಯು ಆಗಿತ್ತು ಅಂತ ತಾವೇ ಬರೆದುಕೊಂಡರು. ತಂದೆಯ ಸಾವು, ಸರಿಯಾಗಿ ನಿದ್ದೆ ಇಲ್ಲದಿರುವುದು, ದಣಿವು ಕಾರಣ ಇರಬಹುದು ಅಂದರು. ನನಗೆ ಕಲಿಸಿದ್ದು ಹೊಟ್ಟೆ. 2014ರಲ್ಲಿ ಹುಣ್ಣಾಗಿ ಎಂಟು ದಿನ ಮಲಗಿದೆ. ಆ ಎಂಟು ದಿನ ಆಫೀಸ್ ನನ್ನನ್ನು ಕೇಳದೆ ಚೆನ್ನಾಗಿಯೇ ನಡೆಯಿತು. ಸಮಾಧಾನಕ್ಕಿಂತ ಸ್ವಲ್ಪ ಅವಮಾನವೇ ಆಯಿತು ಅನ್ನಿ. ಆಮೇಲೆ ಭಾನುವಾರ ಲ್ಯಾಪ್‌ಟಾಪ್ ಆಫೀಸಲ್ಲೇ ಬಿಟ್ಟು ಬರುತ್ತಿದ್ದೆ.

ರಾತ್ರಿ ಮೂರಕ್ಕೆ ಎಚ್ಚರ ಆಗುತ್ತೆ. ಯಾರ ಹತ್ರ ಹೇಳೋದು ಗೊತ್ತಾಗ್ತಿಲ್ಲ.

14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್, ಸರ್ಕಾರದ್ದು, ಉಚಿತ, ದಿನದ 24 ಗಂಟೆಯೂ ಇರುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ, ಕನ್ನಡದಲ್ಲೇ ಮಾತಾಡಬಹುದು. ಎರಡು ವಾರಕ್ಕಿಂತ ಹೆಚ್ಚು ಹೀಗಿದ್ದರೆ, ಊಟ ಸೇರದಿದ್ದರೆ, ಬದುಕೇ ಬೇಡ ಅನ್ನಿಸಿದರೆ ಇವತ್ತೇ ಮಾಡಿ. ಕಂಪನಿ ವಿಷಯ ಆಮೇಲೆ.

## ದಾರಿ ಬೇರೆ ಆದಾಗ

ಪಾರ್ಟ್‌ನರ್ ಬಿಟ್ಟು ಹೋಗ್ತೀನಿ ಅಂತಿದಾನೆ. ಈಗೇನು ಮಾಡ್ಲಿ?

ಮೊದಲು ಉಸಿರು ತಗೊಳ್ಳಿ. ಇನ್ಫೋಸಿಸ್‌ನ ಏಳು ಜನರಲ್ಲಿ ಅಶೋಕ್ ಅರೋರಾ 1989ರಲ್ಲಿ ಬಿಟ್ಟರು. ಕಂಪನಿ 1993ರಲ್ಲಿ ಷೇರು ಮಾರುಕಟ್ಟೆಗೆ ಬಂತು.

ನನ್ನ ಗೆಳೆಯ ಬಿಟ್ಟದ್ದು 2013ರಲ್ಲಿ. ಅವನ ಅಪ್ಪನಿಗೆ ಹುಷಾರಿರಲಿಲ್ಲ, ತೀರ್ಥಹಳ್ಳಿ ಹತ್ತಿರದ ತೋಟ ನೋಡಿಕೊಳ್ಳಲು ಹೋಗಬೇಕಾಯಿತು. ಹೋದ, ಆದರೆ 50 ಪರ್ಸೆಂಟ್ ಅವನ ಹತ್ತಿರವೇ ಉಳಿಯಿತು. ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ಆರು ತಿಂಗಳು ಲೆಕ್ಕದ ಮಾತಿಲ್ಲದೆ ಕಳೆದೆವು. ಆಮೇಲೆ ಒಂದು ದಿನ ವೆಬ್‌ಸೈಟ್ ನಿಂತುಹೋಯಿತು. ಡೊಮೇನ್ ಅವನ ಸ್ವಂತ ಈಮೇಲ್‌ನಲ್ಲಿತ್ತು, ನವೀಕರಣದ ನೋಟಿಸ್ ಅಲ್ಲಿಗೆ ಹೋಗುತ್ತಿತ್ತು, ತೋಟದಲ್ಲಿ ಸಿಗ್ನಲ್ ಇರಲಿಲ್ಲ. ಬ್ಯಾಂಕಿನ ಒಟಿಪಿಯೂ ಅವನ ಫೋನಿಗೇ. ಬೇಕಂತಲೇ ಮಾಡಿದ್ದಾನೆ ಅಂತ ನಾನು ಕಿರುಚಿದೆ. ಅವನು ಫೋನ್ ಇಟ್ಟ.

ಬಿಡಿಸಿದ್ದು ನಮ್ಮ ಮೊದಲ ಗಿರಾಕಿ, ಒಬ್ಬ ಹಿರಿಯ ಮಂಡಿ ಸಾಹುಕಾರರು. ಇಬ್ಬರನ್ನೂ ಗಾದಿ ಮೇಲೆ ಕೂರಿಸಿ, "ಮನೆ ಹಿಸ್ಸೆ ಆಗುವಾಗ ಹೇಗೆ ಮಾಡ್ತಾರೋ ಗೊತ್ತಲ್ಲ? ಅಣ್ಣ ಪಾಲು ಮಾಡೋದು, ತಮ್ಮ ಆರಿಸಿಕೊಳ್ಳೋದು" ಅಂದರು. ನಾನು ಅರ್ಧ ಕಂಪನಿಗೆ ಒಂದು ಬೆಲೆ ಹೇಳಬೇಕು. ಆ ಬೆಲೆಗೆ ಅವನು ತನ್ನದನ್ನು ಮಾರಲೂಬಹುದು, ನನ್ನದನ್ನು ಕೊಳ್ಳಲೂಬಹುದು. ಕಡಿಮೆ ಹೇಳಿದರೆ ನಾನೇ ಕಂಪನಿ ಕಳೆದುಕೊಳ್ಳುತ್ತೇನೆ, ಜಾಸ್ತಿ ಹೇಳಿದರೆ ಸಾಲಗಾರನಾಗುತ್ತೇನೆ. ಎರಡು ರಾತ್ರಿ ಯೋಚಿಸಿ ಹೇಳಿದೆ. ಅವನು ಮಾರಿದ. ಹದಿನೆಂಟು ಕಂತಿನಲ್ಲಿ ತೀರಿಸಿದೆ. ಈ ಉಪಾಯದಲ್ಲಿ ಒಂದು ಕೊರತೆ ಇದೆ: ಕೈಯಲ್ಲಿ ದುಡ್ಡಿರುವವನಿಗೆ ಇದು ಅನುಕೂಲ. ಹಾಗಾಗಿ ಕಂತಿನ ಅವಕಾಶ ಇಬ್ಬರಿಗೂ ಇರಲಿ.

ಕಾಗದದ ಕೆಲಸ ಅದೇ ವಾರ ಮುಗಿಸಿ. ರಾಜೀನಾಮೆ ಪತ್ರ ತಗೊಂಡು 30 ದಿನದೊಳಗೆ, ಡೈರೆಕ್ಟರ್ ಬದಲಾವಣೆ ತಿಳಿಸುವ ಡಿಐಆರ್-12 ಫಾರಂ ಸಲ್ಲಿಸಿ. ಬ್ಯಾಂಕ್ ಸಹಿ, ಒಟಿಪಿ ನಂಬರ್, ಜಿಎಸ್‌ಟಿ ಲಾಗಿನ್, ಡೊಮೇನ್, ಸರ್ವರ್ ಬದಲಿಸಿ. ಡಿಜಿಟಲ್ ಸಹಿಯ ಆ ಚಿಕ್ಕ ಪೆನ್‌ಡ್ರೈವ್ ಬಹುಶಃ ಸಿಎ ಆಫೀಸಿನ ಡ್ರಾಯರ್‌ನಲ್ಲಿರುತ್ತದೆ, ಅವನದನ್ನು ಅವನಿಗೆ ಕೊಡಿಸಿ. ಡೈರೆಕ್ಟರ್ ಸ್ಥಾನ ಬಿಟ್ಟ ಮಾತ್ರಕ್ಕೆ ಬ್ಯಾಂಕಿಗೆ ಕೊಟ್ಟ ವೈಯಕ್ತಿಕ ಗ್ಯಾರಂಟಿ ಹೋಗುವುದಿಲ್ಲ, ಬ್ಯಾಂಕ್ ಬಿಡುಗಡೆ ಪತ್ರ ಕೊಡಬೇಕು. ಬಿಟ್ಟುಹೋಗುವವರು ನೀವಾಗಿದ್ದರೆ ಇದನ್ನು ಎರಡು ಸಲ ಓದಿ.

ಕಂಪನಿ ನಡೀತಿಲ್ಲ. ಹಾಗೇ ಬಿಟ್ಬಿಟ್ರೆ ಏನಾಗುತ್ತೆ?

ಮೀಟರ್ ಓಡುತ್ತಿರುತ್ತದೆ. ವಾರ್ಷಿಕ ಲೆಕ್ಕಪತ್ರ ಸಲ್ಲಿಸದಿದ್ದರೆ ಒಂದೊಂದು ಫಾರಂಗೆ ದಿನಕ್ಕೆ 100 ರೂಪಾಯಿ. ಸತತ ಮೂರು ವರ್ಷ ಬಿಟ್ಟರೆ ಡೈರೆಕ್ಟರ್‌ಗಳು ಐದು ವರ್ಷ ಅನರ್ಹ, ಅಂದರೆ ಮುಂದಿನ ಕಂಪನಿಗೂ ಕಲ್ಲು. ಬಾಕಿ ತೀರಿಸಿ, ಖಾತೆ ಮುಚ್ಚಿ, ಎಸ್‌ಟಿಕೆ-2 ಅರ್ಜಿ ಹಾಕಿ ಕಂಪನಿಯ ಹೆಸರು ತೆಗೆಸಿ. ಅರ್ಜಿ ಶುಲ್ಕ 10,000 ರೂಪಾಯಿ. ಮುಂದೆ ಯಾವತ್ತಾದರೂ ನೋಡೋಣ ಅಂತ ಸತ್ತ ಕಂಪನಿ ಇಟ್ಟುಕೊಂಡವರು ಕಟ್ಟಿದ ದಂಡ ಅದಕ್ಕಿಂತ ಎಷ್ಟೋ ಜಾಸ್ತಿ.

ಆ ಗೆಳೆಯನ ಜೊತೆ ಈಗ ಮಾತಾಡ್ತೀರಾ ಸರ್?

ಇದನ್ನು ಕೇಳದವರು ಕಡಿಮೆ. ಮಾತಾಡುತ್ತೇವೆ. ಕೊನೆಯ ಕಂತು ಕಟ್ಟಿದ ಮೇಲೆ ಒಂದು ವರ್ಷ ಫೋನ್ ಇರಲಿಲ್ಲ. ಅವನ ಅಪ್ಪ ತೀರಿಕೊಂಡಾಗ ಹೋದೆ. ಈಗ ಕೊಯ್ಲಿನ ಹೊತ್ತಿಗೆ ಒಮ್ಮೆ ಅವನ ತೋಟಕ್ಕೆ ಹೋಗುತ್ತೇನೆ. ಅವನು ಇವತ್ತಿಗೂ ಮಂಡಿಯಲ್ಲಿ ನಮ್ಮ ಸಾಫ್ಟ್‌ವೇರ್‌ನ ಚೀಟಿಯಲ್ಲೇ ಅಡಿಕೆ ತೂಗಿಸುತ್ತಾನೆ, ಅದರಲ್ಲಿ ತಪ್ಪು ಹುಡುಕಿ ಇಟ್ಟಿರುತ್ತಾನೆ. ಕಂಪನಿ ಮಾರಿ ಆಗಿದೆ ಮಾರಾಯ, ನನಗ್ಯಾಕೆ ಹೇಳುತ್ತೀಯ ಅಂದರೂ ಬಿಡುವುದಿಲ್ಲ. ಆ ಅರ್ಧ ಪಾಲಿಗೆ ನಾನು ಹೇಳಿದ ಬೆಲೆ ಕಡಿಮೆಯಾಯಿತು ಅಂತ ಅವನ ಮನಸ್ಸಿನಲ್ಲಿದೆ. ಜಾಸ್ತಿಯಾಯಿತು ಅಂತ ನನ್ನ ಮನಸ್ಸಿನಲ್ಲಿದೆ. ಹೋದ ವರ್ಷ ಜಗಲಿಯಲ್ಲಿ ಕೂತು ಇಬ್ಬರೂ ಅದನ್ನು ಮೊದಲ ಸಲ ಬಾಯಿಬಿಟ್ಟು ಹೇಳಿಕೊಂಡೆವು. ಅವನ ಹೆಂಡತಿ ಕಾಫಿ ತಂದು, "ಇನ್ನೂ ಮುಗೀಲಿಲ್ವಾ ನಿಮ್ದು?" ಅಂದಳು.